ಬಡಾವಣೆಯ ಮೊದಲ ಮನೆ

ಆ ಬಡಾವಣೆಯಲ್ಲಿ ಮೂವತ್ತಾರು ಸೈಟುಗಳಿದ್ದವು. ಮೂರು ತಿಂಗಳಲ್ಲಿ ಮಾರಾಟವಾದದ್ದು ಒಂದೇ ಒಂದು, ಅದೂ ನಮ್ಮ ಅತ್ತಿಗೆಯ ತಮ್ಮನಿಗೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಣ್ಣ ತುಮಕೂರಿನ ಬಟವಾಡಿಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟಿದ್ದ. ತನ್ನಲ್ಲಿ ಕಬ್ಬಿಣ ಕೊಳ್ಳುತ್ತಿದ್ದವರು ಒಬ್ಬೊಬ್ಬರಾಗಿ ಜಮೀನು ಹಿಡಿದು, ಸೈಟು ಮಾಡಿ, ಕಾರು ತೆಗೆದುಕೊಂಡದ್ದನ್ನು ನೋಡಿ ಅವನಿಗೂ ಆಸೆ ಹುಟ್ಟಿತು. ಗುಬ್ಬಿ ರಸ್ತೆಯಿಂದ ಒಂದು ಮೈಲಿ ಒಳಗೆ ಎರಡು ಎಕರೆ ಹೊಲ ಕೊಂಡ. ಕಚೇರಿಯಿಂದ ಕಚೇರಿಗೆ ಅಲೆದು ಅದನ್ನು ಮನೆ ಕಟ್ಟುವ ಜಾಗವಾಗಿ ಪರಿವರ್ತನೆ ಮಾಡಿಸಿದ, ನಕ್ಷೆ ಪಾಸಾಯಿತು, ಮೂಲೆ ಮೂಲೆಗೆ ಕಲ್ಲು ನೆಟ್ಟದ್ದಾಯಿತು. ಅಲ್ಲಿಯವರೆಗಿನ ಕೆಲಸ ಅವನಿಗೆ ಬರುತ್ತಿತ್ತು. ಅಲ್ಲಿಂದ ಮುಂದಿನದು ಗೊತ್ತಿರಲಿಲ್ಲ.

ಪೇಪರಿನೊಳಗೆ ಪಾಂಪ್ಲೆಟ್ ಇಟ್ಟು ಹಂಚಿಸಿದ. ರಸ್ತೆ ಬದಿಯ ಮೋರಿ ಗೋಡೆಗಳ ಮೇಲೆ ಬರೆಸಿದ. ಗುಬ್ಬಿ ಸಂತೆಯ ದಿನ ಆಟೋಗೆ ಮೈಕು ಕಟ್ಟಿಸಿ ಕೂಗಿಸಿದ. ಜನ ಬಂದರು, ಕಲ್ಲುಗಳ ಮಧ್ಯೆ ಒಂದು ಸುತ್ತು ಹಾಕಿದರು, ಸುತ್ತಲಿನ ರಾಗಿ ಹೊಲ ನೋಡಿದರು, "ಹೇಳ್ತೀವಿ" ಎಂದು ಹೋದರು.

ಅವನ ಅಂಗಡಿಯಿಂದ ನಾಲ್ಕು ಮಳಿಗೆ ಆಚೆ ನನ್ನ ಹೊಲಿಗೆ ಅಂಗಡಿ. ಒಂದು ಮಧ್ಯಾಹ್ನ ಬಂದು ಕಟಿಂಗ್ ಮೇಜಿನ ಎದುರಿನ ಸ್ಟೂಲಿನಲ್ಲಿ ಕುಸಿದು ಕೂತ.

"ಏನಾದ್ರೂ ದಾರಿ ಹೇಳಮ್ಮ. ಜನ ಬರ್ತಾರೆ, ಹೋಗ್ತಾರೆ. ನಂಗೆ ಏನ್ ಮಾಡ್ಬೇಕೋ ತೋಚ್ತಿಲ್ಲ."

"ನೀನು ಊರಿಗೆಲ್ಲ ಹೇಳ್ತಿದೀಯ ಅಣ್ಣ. ಕೊಳ್ಳೋ ಹತ್ತು ಜನಕ್ಕೆ ಹೇಳಿದ್ರೆ ಸಾಕು" ಎಂದೆ.

ಯಾರು ಕೊಳ್ಳುತ್ತಾರೆಂದು ನನಗೆ ಗೊತ್ತಿತ್ತು. ರವಿಕೆಗೆ ಅಳತೆ ಕೊಡುವಾಗ ಹೆಂಗಸರು ಮನೆಯ ಸುದ್ದಿಯನ್ನೆಲ್ಲ ಹೇಳುತ್ತಾರೆ. ಯಾರ ಮನೆ ಮಾಲೀಕ ಖಾಲಿ ಮಾಡಿ ಅಂದಿದ್ದಾನೆ, ಯಾರ ಗಂಡನಿಗೆ ಸಾಲ ಮಂಜೂರಾಗುತ್ತದೆ, ಯಾರ ಕತ್ತಿನ ಸರ ಸೈಟಿಗೆಂದೇ ಕಾಯುತ್ತಿದೆ, ಎಲ್ಲವೂ. ಅಳತೆ ಪುಸ್ತಕ ತೆಗೆದು ಬಾಡಿಗೆ ಮನೆಯಲ್ಲಿದ್ದವರ ಹೆಸರಿನ ಮುಂದೆ ಚುಕ್ಕೆ ಇಡುತ್ತಾ ಹೋದೆ. ಅರವತ್ತು ಚುಕ್ಕೆಗಳಾದವು. ಕೆಲಸಕ್ಕೆ ಕೂಲಿಯಾಗಿ ನನಗೊಂದು ಸೈಟು ಬರೆದುಕೊಡುವುದು ಅಂತ ಅಣ್ಣನೇ ಮಾತು ಕೊಟ್ಟ.

ಮೊದಲು ಫೈಲುಗಳನ್ನು ಮಾಡಿಸಿದೆ. ಮೂಲ ಪತ್ರ, ಪರಿವರ್ತನೆ ಆದೇಶ, ಜಮೀನಿನ ಮೇಲೆ ಸಾಲ ಇಲ್ಲವೆಂದು ತೋರಿಸುವ ಇಸಿ, ಪಾಸಾದ ನಕ್ಷೆ, ಎಲ್ಲದರ ಜೆರಾಕ್ಸ್ ಇಟ್ಟು ಇಪ್ಪತ್ತು ಫೈಲು. "ಇದನ್ನ ನಿಮಗೆ ಗೊತ್ತಿರೋ ಲಾಯರಿಗೆ ತೋರಿಸಿ, ಆಮೇಲೆ ಬನ್ನಿ" ಎನ್ನುತ್ತಿದ್ದೆ. ಕಾಗದ ಕೇಳದೇ ಕೊಟ್ಟರೆ ಅರ್ಧ ಅನುಮಾನ ಅಲ್ಲೇ ಕರಗುತ್ತಿತ್ತು. ಆಮೇಲೆ ನೀರು. ಬೋರ್‌ವೆಲ್ ಕೊರೆಸುವುದನ್ನು ಅಣ್ಣ ಸೈಟು ಮಾರಿದ ಮೇಲೆ ನೋಡಿಕೊಳ್ಳೋಣ ಎಂದಿದ್ದ. ನಾನು ಮೊದಲೇ ಕೊರೆಸಿದೆ. ಕರೆಂಟ್ ಇನ್ನೂ ಬಂದಿರಲಿಲ್ಲವಾದ್ದರಿಂದ ಡೀಸೆಲ್ ಇಂಜಿನ್ ಕೂರಿಸಿ, ಭಾನುವಾರ ಜನ ಬಂದಾಗ ಓಡಿಸುತ್ತಿದ್ದೆವು. ಪೈಪಿನಿಂದ ದಬದಬ ನೀರು ಬೀಳುವುದನ್ನು ಕಂಡ ಹೆಂಗಸರು ಕೈಯೊಡ್ಡಿ ಕುಡಿದು ನೋಡುತ್ತಿದ್ದರು. ಅರ್ಧ ವ್ಯಾಪಾರ ಅಲ್ಲೇ ಆಗುತ್ತಿತ್ತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಟವಾಡಿಯಿಂದ ವ್ಯಾನು. ಹನ್ನೊಂದು ಹನ್ನೆರಡು ಜನ, ಅದಕ್ಕಿಂತ ಹೆಚ್ಚು ಕರೆಯುತ್ತಿರಲಿಲ್ಲ. ಅದರಲ್ಲಿ ಇಬ್ಬರಾದರೂ ಪರಸ್ಪರ ಪರಿಚಯದವರು ಇರುವಂತೆ ನೋಡಿಕೊಳ್ಳುತ್ತಿದ್ದೆ. ಒಬ್ಬರು ಒಪ್ಪಿದರೆ ಇನ್ನೊಬ್ಬರಿಗೆ ಧೈರ್ಯ ಬರುತ್ತದೆ. ಚಿತ್ರಾನ್ನ, ಮಜ್ಜಿಗೆ ನಮ್ಮದೇ. ಟೇಪು ಹಿಡಿದು ಅವರ ಕೈಯಿಂದಲೇ ರಸ್ತೆ ಅಳೆಸುತ್ತಿದ್ದೆ.

ಇಷ್ಟೆಲ್ಲ ಆದರೂ ಒಂದು ಕೊರತೆ ಉಳಿದಿತ್ತು. ನಾನೇ ಅದನ್ನು ಅಣ್ಣನಿಗೆ ಹೇಳಿದೆ. ಆ ಮಾತು ಹೊಳೆದದ್ದಕ್ಕೆ ಆಗ ನನಗೆ ಹೆಮ್ಮೆಯೇ ಆಗಿತ್ತು.

"ಖಾಲಿ ಜಾಗದಲ್ಲಿ ಜನಕ್ಕೆ ಹೊಲಾನೇ ಕಾಣೋದು. ಒಂದು ಮನೆ ಎದ್ರೆ ಊರು ಕಾಣುತ್ತೆ. ಯಾರಾದ್ರೂ ಒಬ್ರು ಕಟ್ಟೋರಿಗೆ ಕಂತಲ್ಲಿ ಕೊಡು, ಸಿಮೆಂಟು ಕಬ್ಬಿಣ ಅಸಲಿಗೆ ಹಾಕು."

ಆ ಒಬ್ಬರನ್ನೂ ನಾನೇ ಹುಡುಕಿದೆ.

ಬಟವಾಡಿಯ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡುತ್ತಿದ್ದ ನರ್ಸ್ ಅವಳು. ಮದುವೆಯಾಗಿರಲಿಲ್ಲ, ತಾಯಿಯ ಜೊತೆ ಸದಾಶಿವನಗರದ ಒಂದು ಮನೆಯ ಹಿಂದಿನ ಒಂಟಿ ಕೋಣೆಯಲ್ಲಿದ್ದಳು. ಮನೆ ಮಾಲೀಕರು ಬೆಳಿಗ್ಗೆ ಎಂಟಕ್ಕೆ ನೀರು ನಿಲ್ಲಿಸಿಬಿಡುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಬಂದ ಮಗಳು ಮೈ ತೊಳೆಯುವಷ್ಟರಲ್ಲಿ ನಲ್ಲಿ ಬತ್ತುತ್ತಿತ್ತು. ಅವಳ ಕೈಯಲ್ಲಿ ಹತ್ತು ವರ್ಷ ಕೂಡಿಟ್ಟದ್ದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಬಟವಾಡಿಯ ಅರ್ಧ ಮನೆಗಳವರಿಗೆ ಅವಳು ಇಂಜೆಕ್ಷನ್ ಚುಚ್ಚಿದ್ದಳು. ಅವಳು ಒಂದು ಕಡೆ ಮನೆ ಕಟ್ಟಿದಳು ಎಂದರೆ ಜನ ನಂಬುತ್ತಿದ್ದರು. ಅದನ್ನೂ ನಾನು ಲೆಕ್ಕ ಹಾಕಿದ್ದೆ.

ತಾಯಿ, ಮಗಳನ್ನು ಕರೆದುಕೊಂಡು ಹೋದ ದಿನ ಇಂಜಿನ್ ಓಡಿಸಿದೆವು. ತಾಯಿ ಸೀರೆ ನೆರಿಗೆ ಎತ್ತಿ ಸಿಕ್ಕಿಸಿ ನೀರಿನಲ್ಲಿ ಕಾಲಿಟ್ಟು ನಿಂತುಬಿಟ್ಟಳು. "ಇಷ್ಟೂ ನೀರಾ? ಯಾರೂ ಬಂದು ನಿಲ್ಸಲ್ವಾ?" ಎಂದು ಕೇಳಿದಳು.

ನರ್ಸ್ ಮಾತ್ರ ಸುತ್ತ ನೋಡುತ್ತಿದ್ದಳು. "ಅಕ್ಕ, ಇಲ್ಲಿ ಒಂದು ಮನೇನೂ ಇಲ್ವಲ್ಲ. ನಾನು ಡ್ಯೂಟಿಗೆ ಹೋದ್ರೆ ಅಮ್ಮ ಒಬ್ಳೇ."

"ನೀವೊಬ್ರೇ ಅಲ್ಲ ಸಿಸ್ಟರ್. ದೀಪಾವಳಿ ಹೊತ್ತಿಗೆ ಇನ್ನೂ ನಾಕು ಮನೆ ಏಳ್ತವೆ" ಎಂದೆ.

ಅದು ಪೂರ್ತಿ ಸುಳ್ಳಲ್ಲ. ಇಬ್ಬರು ಕಟ್ಟುತ್ತೇವೆ ಅಂದಿದ್ದರು, ಇನ್ನಿಬ್ಬರು ನೋಡೋಣ ಅಂದಿದ್ದರು. ನಾನು ನಾಲ್ಕನ್ನೂ ಕೂಡಿಸಿ ಹೇಳಿದೆ.

ಆರು ತಿಂಗಳಲ್ಲಿ ಮನೆ ಎದ್ದಿತು. ಮುಂದೆ ಚಿಕ್ಕ ಪಡಸಾಲೆ, ಎರಡು ಕೋಣೆ, ಹಿತ್ತಿಲಲ್ಲಿ ಇಂಜಿನ್ ಓಡಿಸಿ ತುಂಬಿಸಿಕೊಳ್ಳುವ ನೀರಿನ ತೊಟ್ಟಿ, ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲು. ಗೃಹಪ್ರವೇಶದ ದಿನ ಅಣ್ಣ ಎರಡು ವ್ಯಾನು ತುಂಬ ಜನ ತಂದ. ಒಂದೇ ದಿನ ಐದು ಸೈಟಿಗೆ ಮುಂಗಡ ಬಂತು. ಅಲ್ಲಿಂದ ಪ್ರತಿ ಭಾನುವಾರ ವ್ಯಾನು ಮೊದಲು ನಿಲ್ಲುತ್ತಿದ್ದದ್ದು ಆ ಮನೆಯ ಮುಂದೆ. ತಾಯಿ ಬಾಗಿಲಿಗೆ ಬರುತ್ತಿದ್ದಳು. ಅವಳಿಗೆ ಜನ ಬರುವುದೇ ಸಂತೋಷ. "ಬರ್ರವ್ವ, ನೀರಿಗೇನೂ ತೊಂದ್ರೆ ಇಲ್ಲ. ಬೇಗ ಕಟ್ಕಂಡು ಬಂದ್ಬುಡಿ" ಎನ್ನುತ್ತಿದ್ದಳು. ಯಾವ ಪಾಂಪ್ಲೆಟೂ ಮಾಡದ ಕೆಲಸವನ್ನು ಆ ಮಾತು ಮಾಡುತ್ತಿತ್ತು.

ಆದರೆ ಕೊಂಡವರ್ಯಾರೂ ಬರಲಿಲ್ಲ. ಕಟ್ಟುತ್ತೇವೆ ಅಂದಿದ್ದ ಇಬ್ಬರಲ್ಲಿ ಒಬ್ಬರಿಗೆ ವರ್ಗವಾಯಿತು, ಇನ್ನೊಬ್ಬರು ಮಗಳ ಮದುವೆ ಎಂದರು. ಅಷ್ಟರಲ್ಲಿ ಅಣ್ಣನಿಗೆ ಬೇರೆ ಜನ ಸಿಕ್ಕಿದ್ದರು. ಇರುವುದಕ್ಕೆ ಕೊಳ್ಳುವವರು ಹತ್ತು ಸಲ ಬರುತ್ತಾರೆ, ನೂರು ಪ್ರಶ್ನೆ ಕೇಳುತ್ತಾರೆ, ಸಾಲಕ್ಕೆ ಕಾಯುತ್ತಾರೆ. ಇಟ್ಟುಕೊಳ್ಳುವುದಕ್ಕೆ ಕೊಳ್ಳುವವರು ಒಂದೇ ಸಲಕ್ಕೆ ಎರಡು ಮೂರು ಸೈಟು ಹಿಡಿಯುತ್ತಾರೆ, ತಮ್ಮಂಥವರನ್ನೇ ಇನ್ನಿಬ್ಬರನ್ನು ತರುತ್ತಾರೆ. "ಎರಡು ವರ್ಷ ಬುಡಿ, ಡಬಲ್" ಎಂಬ ಅಣ್ಣನ ಒಂದು ಮಾತು ಅವರಿಗೆ ಸಾಕಾಗುತ್ತಿತ್ತು. ಗುಬ್ಬಿಯ ಕೊಬ್ಬರಿ ವ್ಯಾಪಾರಿಗಳು, ಕುಣಿಗಲ್ಲಿನ ಇಬ್ಬರು ಮೇಷ್ಟ್ರುಗಳು, ಹೀಗೆ ಇಪ್ಪತ್ತೇಳು ಸೈಟು ಹೋದವು. ನನಗೂ ಖುಷಿಯೇ ಆಗಿತ್ತು. ಬಡಾವಣೆ ತುಂಬುತ್ತಿದೆ ಎಂದು ಎಲ್ಲರ ಹತ್ತಿರ ಹೇಳಿಕೊಳ್ಳುತ್ತಿದ್ದೆ. ನಕ್ಷೆಯ ಮೇಲೆ ಕೆಂಪು ಇಂಕು ತುಂಬುತ್ತಿತ್ತು, ನೆಲದ ಮೇಲೆ ಒಂದೇ ಮನೆ ಇತ್ತು.

ಅವರು ಅಲ್ಲಿಗೆ ಬಂದು ಎರಡು ವರ್ಷವಾಗುತ್ತಾ ಬಂದಿತ್ತು. ಮಳೆಗಾಲ. ಶನಿವಾರ ಪೂರ್ತಿ ಮಳೆ ಹುಯ್ದು ಭಾನುವಾರ ಬಿಸಿಲು ಬಿದ್ದಿತ್ತು. ಎಂದಿನಂತೆ ಹತ್ತಕ್ಕೆ ವ್ಯಾನು ಹೊರಟಿತು. ನರ್ಸಿಗೆ ಅಂದು ಸಂಜೆಯವರೆಗೆ ಡ್ಯೂಟಿ ಎಂದು ನನಗೆ ಗೊತ್ತಿತ್ತು, ಬೆಳಿಗ್ಗೆ ಅವಳೇ ಅಂಗಡಿ ಮುಂದೆ ಹಾದು ಹೋಗುವಾಗ ಕೈ ಎತ್ತಿದ್ದಳು. ನಾವು ಹೋದಾಗ ಮನೆಯ ಮುಂಬಾಗಿಲು ಹಾಕಿತ್ತು. ತಾಯಿ ಹೊರಗೆ ಬರಲಿಲ್ಲ. ಮಲಗಿರಬಹುದು, ಎಬ್ಬಿಸುವುದು ಬೇಡ ಎಂದುಕೊಂಡೆ. ವ್ಯಾನಿನಿಂದ ಇಳಿದವರಿಗೆ ಮನೆ ತೋರಿಸಿ, "ನೋಡಿ, ಎರಡು ವರ್ಷದಿಂದ ಇಲ್ಲಿ ಇದಾರೆ, ಒಂದು ದಿನ ನೀರಿಲ್ಲ ಅಂದಿಲ್ಲ" ಎಂದೆ. ಇಂಜಿನ್ ಶುರುವಾಯಿತು. ಅದು ಓಡುವಾಗ ಪಕ್ಕದಲ್ಲಿ ನಿಂತವರ ಜೊತೆಗೂ ಕೂಗಿಯೇ ಮಾತಾಡಬೇಕು.

ಮಧ್ಯೆ ಒಂದು ಸಲ ಹಿತ್ತಿಲಿನ ಕಡೆಯಿಂದ ಹೋಗಿ ನೋಡಿ ಬರೋಣ ಅನ್ನಿಸಿತ್ತು. ನಾಲ್ಕು ಹೆಜ್ಜೆ ಇಟ್ಟೂ ಇದ್ದೆ. ಯಾರೋ ಒಬ್ಬರು, ಮೂಲೆ ಸೈಟಿನ ರಸ್ತೆ ಮೂವತ್ತು ಅಡಿ ಇಲ್ಲ ಅನ್ನಿಸುತ್ತೆ ಎಂದರು. ಟೇಪು ತರಲು ವ್ಯಾನಿಗೆ ತಿರುಗಿದೆ. ಅಳೆದು ತೋರಿಸಿದೆ. ಮೂವತ್ತೇ ಇತ್ತು. ಆಮೇಲೆ ಇಂಜಿನ್ ನಿಲ್ಲಿಸಿ ಎಲ್ಲರೂ ಹತ್ತಿದೆವು.

ಸೋಮವಾರ ಬೆಳಿಗ್ಗೆ ನರ್ಸಿಂಗ್ ಹೋಮಿನ ಆಯಾ ಅಂಗಡಿಗೆ ಬಂದಳು. "ಸಿಸ್ಟರ್ ಅವ್ರ ತಾಯಿ ಬಿದ್ದವ್ರೆ ಕಣಕ್ಕ. ಸೊಂಟದ ಮೂಳೆ ಮುರುದದೆ. ಬಟ್ಟೆ ಕಲ್ತಾವ ಜಾರಿ, ನೆನ್ನೆ ಹತ್ತು ಗಂಟೆಗೆಲ್ಲ ಬಿದ್ದೋರು ಸಂಜೆ ಸಿಸ್ಟರ್ ಹೋಗಗಂಟ ಅಲ್ಲೇ ಬಿದ್ದಿದ್ರಂತೆ."

ಕೈಯಲ್ಲಿದ್ದ ಕತ್ತರಿ ಮೇಜಿನ ಮೇಲಿಟ್ಟು ಹಾಗೇ ನರ್ಸಿಂಗ್ ಹೋಮಿಗೆ ಹೊರಟೆ. ತಾಯಿಯ ಮುಖ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು. ಗಂಟಲು ಕಟ್ಟಿತ್ತು. ನನ್ನನ್ನು ನೋಡಿ ನಗಲು ನೋಡಿದಳು.

"ವ್ಯಾನ್ ಬಂತು ಅಂತ ಗೊತ್ತಾಯ್ತವ್ವ. ಕೂಗ್ದೆ. ಇಂಜಿನ್ ಸದ್ದಲ್ಲಿ ನಂಗೇ ಕೇಳ್ತಿರ್ಲಿಲ್ಲ, ನಿಮ್ಗೆಲ್ಲಿ ಕೇಳ್ತದೆ. ಅದು ನಿಂತ ಮೇಲೆ ಕೂಗಾನ ಅಂತ ಸುಮ್ಕಾದೆ. ನಿಲ್ತು. ಕೂಗೋಕೆ ದನಿ ಬರ್ಲಿಲ್ಲ. ಅಷ್ಟೊತ್ಗೆ ನೀವು ಹೊಂಟೋದ್ರಿ."

ಅವಳು ದೂರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು, ಅಷ್ಟೆ. ಮಂಚದ ಆ ಬದಿಯಲ್ಲಿ ನಿಂತಿದ್ದ ಮಗಳು ಡ್ರಿಪ್ಪಿನ ಹನಿಯನ್ನೇ ನೋಡುತ್ತಿದ್ದಳು.

ಆಪರೇಷನ್ ಮಾಡಲು, ದಿನವಿಡೀ ಒದ್ದೆ ನೆಲದಲ್ಲಿ ಬಿದ್ದಿದ್ದಕ್ಕೆ ಎದೆಗೆ ಕಟ್ಟಿದ್ದ ಕಫ ಇಳಿಯಲಿ ಎಂದು ಕಾದರು. ಕಫ ಇಳಿಯಲಿಲ್ಲ, ಹೆಚ್ಚಾಯಿತು. ನಾನು ದಿನವೂ ಗಂಜಿ ಮಾಡಿಕೊಂಡು ಹೋಗುತ್ತಿದ್ದೆ. ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ಗಂಜಿಯ ಡಬ್ಬಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ನರ್ಸ್ ಎದುರಿಗೆ ಇಳಿದು ಬಂದಳು. "ಇನ್ನು ಬೇಡ ಅಕ್ಕ" ಎಂದಳು. ಡಬ್ಬಿಯ ವಿಷಯ ಹೇಳಿದಳು ಎಂದುಕೊಂಡೆ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಕಾರ್ಯ ಮುಗಿಸಿದ ಮೇಲೆ ಅವಳು ಮನೆಗೆ ಬೀಗ ಹಾಕಿ, ಕುಣಿಗಲ್ಲಿನಲ್ಲಿ ಬೇರೆ ಆಸ್ಪತ್ರೆ ನೋಡಿಕೊಂಡು ಹೊರಟುಹೋದಳು.

ಅಣ್ಣ ಕಟುಕನಲ್ಲ. ಆಸ್ಪತ್ರೆಗೆ ಬಂದಿದ್ದ, ಸಂಸ್ಕಾರದ ದಿನ ಮುಂದೆ ನಿಂತಿದ್ದ. ಆದರೆ ಮುಂದಿನ ತಿಂಗಳು ಬಂದು, "ಈ ಭಾನುವಾರ ವ್ಯಾನ್ ಹೇಳ್ಲಾ?" ಎಂದ.

"ಆ ಮನೆಗೆ ಬೀಗ ಬಿದ್ದಿದೆ ಅಣ್ಣ."

"ಕೆಲಸಕ್ಕೆ ಹೋಗವ್ರೆ ಅನ್ನೋದು. ನೋಡು, ಅದು ನಮ್ ತಪ್ಪಲ್ಲ ಕಣಮ್ಮ. ಹಿತ್ಲಲ್ಲಿ ಜಾರಿ ಬಿದ್ರೆ ಯಾರೇನ್ ಮಾಡಕಾಗ್ತದೆ?"

"ಪಕ್ಕದಲ್ಲಿ ಒಂದು ಮನೆ ಇದ್ದಿದ್ರೆ ಹತ್ತು ನಿಮಿಷದಲ್ಲಿ ಎತ್ತಿರೋರು."

ನಾನು ಎರಡು ವಾರ ಸಮಯ ಕೇಳಿದೆ. ಸೈಟು ಕೊಂಡವರ ಪಟ್ಟಿ ಹಿಡಿದು ಒಬ್ಬೊಬ್ಬರ ಮನೆಗೇ ಹೋದೆ. ಕಟ್ಟಿ, ಅಡಿಪಾಯವನ್ನಾದರೂ ಹಾಕಿ, ಬಾಡಿಗೆಗಾದರೂ ಯಾರನ್ನಾದರೂ ಇಡಿ ಎಂದು ಕೇಳಿದೆ. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದವರಿದ್ದರು, ಕಾಫಿ ಕೊಟ್ಟು ಕಳಿಸಿದವರಿದ್ದರು. ಗುಬ್ಬಿಯ ಒಬ್ಬ ಕೊಬ್ಬರಿ ವ್ಯಾಪಾರಿ ಮಂಡಿಯಲ್ಲಿ ಕೂರಿಸಿ ಎಳನೀರು ಕೊಡಿಸಿ ಸಮಾಧಾನವಾಗಿ ಹೇಳಿದರು: "ಕಟ್ಟಕ್ಕೆ ತಗಂಡಿಲ್ಲ ಕಣಮ್ಮ, ಇಡಕ್ಕೆ ತಗಂಡಿರದು. ನಿಮ್ಮಣ್ಣನೇ ಅಲ್ವಾ ಹಂಗಂತ ಹೇಳಿದ್ದು?" ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಇಪ್ಪತ್ತೇಳು ಸೈಟಿನವರಲ್ಲಿ ಒಬ್ಬರೂ ಹೂಂ ಅನ್ನಲಿಲ್ಲ.

ಅದಾದ ಭಾನುವಾರ ವ್ಯಾನು ಹೋಯಿತು. ನಾನೂ ಹೋದೆ. ಇಂಜಿನ್ ಓಡಿಸಬೇಡ ಎಂದು ಅಣ್ಣನಿಗೆ ಹೇಳಿದೆ. ಬೀಗ ಹಾಕಿದ ಮನೆಯ ಮುಂದೆ ಬಂದವರನ್ನೆಲ್ಲ ನಿಲ್ಲಿಸಿ, ನಡೆದದ್ದನ್ನು ಮೊದಲಿನಿಂದ ಹೇಳಿದೆ. ನೀರಿದೆ, ಕಾಗದ ಸರಿಯಿದೆ, ಆದರೆ ಇಲ್ಲಿ ಯಾರೂ ಇಲ್ಲ, ಇರಲು ಬರುವವರಾದರೆ ನಾಲ್ಕು ಜನ ಸೇರಿ ಒಟ್ಟಿಗೆ ಬನ್ನಿ, ಒಬ್ಬರೇ ಬರಬೇಡಿ ಎಂದೆ. ಕೇಳಿದವರಲ್ಲಿ ಒಬ್ಬ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಯಾರೂ ಸೈಟು ಕೇಳಲಿಲ್ಲ.

ಬಟವಾಡಿಯಲ್ಲಿ ಎಲ್ಲರೂ ಇಳಿದು ಹೋದ ಮೇಲೆ ಅಣ್ಣ ಕೇಳಿದ. "ನಾನು ಮನೆ ಮಠ ಅಡ ಇಟ್ಟು ಮಾಡಿರೋದು. ನಿನ್ ಬಾಯಿಂದಾನೇ ಕೆಡಿಸ್ತೀಯ?"

"ನನ್ ಬಾಯಿಂದಾನೇ ಅಣ್ಣ ಆಗಿದ್ದು. ನಾಕು ಮನೆ ಏಳ್ತವೆ ಅಂದೋಳು ನಾನು."

"ಹಂಗಾದ್ರೆ ನಾಳೆಯಿಂದ ಬರ್ಬೇಡ."

"ಬರಲ್ಲ. ನನ್ ಸೈಟು ರಿಜಿಸ್ಟರ್ ಮಾಡ್ಕೊಡು. ಆ ಮನೆ ಪಕ್ಕದ್ದೇ ಬೇಕು."

ಯಾಕೆ ಹಾಗೆ ಕೇಳಿದೆನೋ ಆ ಗಳಿಗೆಯಲ್ಲಿ ನನಗೇ ಸ್ಪಷ್ಟವಿರಲಿಲ್ಲ. ಮನೆಗೆ ಬಂದು ಅಡುಗೆ ಮಾಡುತ್ತಾ ನಿಂತಾಗ ತಿಳಿಯಿತು. ನಮ್ಮ ಯಜಮಾನರು ಕಾಲೇಜೊಂದರಲ್ಲಿ ಗುಮಾಸ್ತರು, ಮಾತು ಕಡಿಮೆ. ಅಲ್ಲೇ ಹೋಗಿ ಮನೆ ಕಟ್ಟಿಕೊಂಡು ಇರೋಣ ಎಂದೆ. ಅವರು ತಟ್ಟೆಯಿಂದ ತಲೆ ಎತ್ತಿ ನೋಡಿದರು.

"ಆಯಮ್ಮ ಇಲ್ಲವಲ್ಲ ಈಗ. ಹೋಗಿ ಯಾರಿಗೆ ಆಗ್ಬೇಕು?"

"ಇನ್ಯಾರೋ ಬರ್ತಾರಲ್ಲ. ಅವ್ರು ಬಂದಾಗ ಪಕ್ಕದಲ್ಲಿ ಯಾರಾದ್ರೂ ಇರ್ಲಿ."

ಅವರು ಇನ್ನೊಂದು ತುತ್ತು ಉಂಡು, "ಸೈಕಲ್ ಸಾಕಾಗಲ್ಲ, ಮೊಪೆಡ್ ತಗೋಬೇಕು" ಎಂದರು. ಅವರ ಒಪ್ಪಿಗೆ ಅದು.

ಅಣ್ಣ ಸೈಟು ಬರೆದುಕೊಟ್ಟ, ಮಾತು ಬಿಟ್ಟ. ಅಡಿಪಾಯದ ದಿನ ಅವನ ಲಾರಿ ಬಂದು ಸಿಮೆಂಟು ಇಳಿಸಿ ಹೋಯಿತು. ಬಿಲ್ಲು ಬರಲಿಲ್ಲ, ಅವನೂ ಬರಲಿಲ್ಲ. ಉಳಿದ ಸೈಟುಗಳನ್ನು ಅವನು ಬೇರೆ ಏಜೆಂಟರ ಮೂಲಕ ಮಾರಿಕೊಂಡ.

ನಾವು ಅಲ್ಲಿಗೆ ಹೋಗಿ ಇದ್ದೆವು. ನಾನು ಬೆಳಿಗ್ಗೆ ಬಟವಾಡಿಯ ಅಂಗಡಿಗೆ ಬಂದು ಮಧ್ಯಾಹ್ನವೇ ಮುಚ್ಚುತ್ತಿದ್ದೆ. ಆ ಒಂಟಿತನ ಎಂಥದೆಂದು ಇದ್ದು ನೋಡಿದಾಗಲೇ ತಿಳಿದದ್ದು. ಸಾಸಿವೆ ಮುಗಿದರೆ ಒಂದು ಮೈಲಿ ನಡೆಯಬೇಕು. ಇಡೀ ಮಧ್ಯಾಹ್ನ ಮನುಷ್ಯರ ದನಿ ಇಲ್ಲ. ಭಾನುವಾರ ಯಾರದೋ ಕಾರು ಬಂದು ಕಲ್ಲು ನೋಡಿಕೊಂಡು ಹೋದರೆ ನಾನೂ ಬಾಗಿಲಿಗೆ ಓಡಿ ಬರುತ್ತಿದ್ದೆ. ಆಯಮ್ಮ ಎರಡು ವರ್ಷ ವ್ಯಾನಿಗಾಗಿ ಹೇಗೆ ಕಾದಿರಬೇಕು ಎಂದು ಆಗ ಅರ್ಥವಾಯಿತು. ನಾನು ಅದನ್ನು ಅವಳ ಉತ್ಸಾಹ ಎಂದುಕೊಂಡಿದ್ದೆ.

ಮರುವರ್ಷ ಕುಣಿಗಲ್ಲಿಗೆ ಹೋಗಿ ನರ್ಸನ್ನು ಕಂಡೆ. ಆಸ್ಪತ್ರೆಯ ಹಿಂದೆ ಒಂದು ಕೋಣೆಯಲ್ಲಿದ್ದಳು.

"ನಾವು ಪಕ್ಕದಲ್ಲೇ ಬಂದು ಇದೀವಿ ಸಿಸ್ಟರ್. ವಾಪಸ್ ಬನ್ನಿ."

ಅವಳು ಕಾಫಿ ಬೆರೆಸಿ ನನ್ನ ಮುಂದಿಟ್ಟಳು. ಆಮೇಲೆ ಹೇಳಿದಳು: "ಕೇಳಿದೆ ಅಕ್ಕ, ನೀವು ಕಟ್ಟಿದ್ದು. ಒಳ್ಳೇದಾಯ್ತು. ಆದ್ರೆ ಆ ಹಿತ್ಲಿಗೆ ನನ್ ಕೈಲಿ ಹೋಗಕಾಗಲ್ಲ. ನಾಕು ಮನೆ ಏಳ್ತವೆ ಅಂತ ನೀವು ಹೇಳಿದ್ದನ್ನ ನಾನು ನಂಬಿದ್ದು ಯಾಕೆ ಗೊತ್ತಾ? ನಂಗೂ ನಂಬ್ಬೇಕು ಅನ್ನಿಸಿತ್ತು. ಅಮ್ಮಂಗೆ ನೀರು ಬೇಕಿತ್ತು."

ಎರಡು ಸಾವಿರದ ಐದಾರರ ಹೊತ್ತಿಗೆ ರಸ್ತೆಗೆ ಡಾಂಬರು ಬಿತ್ತು, ಕರೆಂಟ್ ಕಂಬ ಬಂತು, ಸುತ್ತ ಏಳೆಂಟು ಮನೆಗಳೆದ್ದವು. ನರ್ಸ್ ಮನೆ ಮಾರುತ್ತೇನೆ ಎಂದು ಫೋನ್ ಮಾಡಿದಳು. ಗುಬ್ಬಿ ಕಡೆಯ ಒಂದು ಜೋಡಿ ಬಂತು, ಗಂಡ ಹೆಂಡತಿ ಇಬ್ಬರೂ ಕೆಲಸದವರು, ಜೊತೆಯಲ್ಲಿ ಹುಡುಗನ ತಾಯಿ. ಬೆಲೆ ಕುದುರಿತು. ಕಾಗದ ತಯಾರಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಸರದಿಗೆ ಕೂತಿದ್ದೆವು. ಸಾಕ್ಷಿಯ ರುಜು ಹಾಕಲು ನಾನೂ ಹೋಗಿದ್ದೆ.

ಆ ಹುಡುಗಿ ಸುಮ್ಮನೆ ಮಾತಿಗೆ ಕೇಳಿದಳು: "ಇಷ್ಟು ಚೆನ್ನಾಗಿರೋ ಮನೆ, ಯಾಕೆ ಮೇಡಂ ಮಾರ್ತಿದೀರ?"

ನರ್ಸ್ ನನ್ನ ಕಡೆ ನೋಡಿದಳು. ಏನು ಹೇಳಬೇಕೆಂಬುದನ್ನು ನನಗೇ ಬಿಟ್ಟಂತಿತ್ತು. ಹೇಳಿದರೆ ಅವರು ಎದ್ದು ಹೋಗಬಹುದಿತ್ತು, ಅವಳ ಕೈಗೆ ಬಂದದ್ದು ನನ್ನಿಂದ ಮತ್ತೊಮ್ಮೆ ತಪ್ಪಬಹುದಿತ್ತು. "ಹೇಳ್ಲಾ ಸಿಸ್ಟರ್?" ಎಂದು ಕೇಳಿದೆ. ಅವಳು ಹೂಂ ಎಂದು ತಲೆಯಾಡಿಸಿದಳು.

ಹೇಳಿದೆ. ಯಾವ ಕಲ್ಲಿನ ಹತ್ತಿರ, ಎಷ್ಟು ಹೊತ್ತು, ನಾನು ಎಷ್ಟು ದೂರದಲ್ಲಿದ್ದೆ ಎನ್ನುವುದನ್ನೂ ಬಿಡದೆ ಹೇಳಿದೆ. "ಈಗ ಪಕ್ಕದ ಮನೇಲಿ ನಾನಿದೀನಿ. ಮಧ್ಯಾಹ್ನದಿಂದ ಮನೇಲೇ ಇರ್ತೀನಿ" ಎಂದೆ.

ಗಂಡ ಹೆಂಡತಿ ಎದ್ದು ಹೊರಗೆ ಹೋಗಿ ಮಾತಾಡಿಕೊಂಡರು. ಹುಡುಗನ ತಾಯಿ ಮಾತ್ರ ಬೆಂಚಿನ ಮೇಲೇ ಉಳಿದಳು. ಅವಳು ನರ್ಸಿನ ಮೊಣಕೈ ಹಿಡಿದುಕೊಂಡು, "ಎಷ್ಟು ವಯಸ್ಸಾಗಿತ್ತವ್ವ ನಿಮ್ಮಮ್ಮಂಗೆ?" ಎಂದು ಕೇಳಿದಳು. ಅರವತ್ತೆರಡು ಎಂದಳು ನರ್ಸ್. "ನನ್ ವಯಸ್ಸೇಯ" ಎಂದಳು ಆಕೆ. ಸರದಿ ಕೂಗುವ ಹೊತ್ತಿಗೆ ಗಂಡ ಹೆಂಡತಿ ಒಳಗೆ ಬಂದರು. ರುಜು ಹಾಕಿದರು.

ನರ್ಸನ್ನು ಬಿಡಲು ಬಸ್ ಸ್ಟ್ಯಾಂಡಿಗೆ ಹೋದೆ. ಕ್ಷಮಿಸು ಎಂದು ಕೇಳುವ ಮಾತು ಎಷ್ಟೋ ವರ್ಷದಿಂದ ಬಾಯಲ್ಲಿತ್ತು, ಅಂದೂ ಕೇಳಲಿಲ್ಲ. ಕೇಳಿದರೆ ಅವಳು ಇಲ್ಲ ಅನ್ನುತ್ತಿರಲಿಲ್ಲ, ಅದೇ ಕಾರಣಕ್ಕೆ ಕೇಳಲಾಗಲಿಲ್ಲ. ಕುಣಿಗಲ್ ಬಸ್ಸು ಹೊರಡುವಾಗ ಅವಳು ಕಿಟಕಿಯ ಸರಳಿನತ್ತ ಬಗ್ಗಿದಳು.

"ಆ ಹುಡುಗನ ಅಮ್ಮಂಗೆ ನಿಮ್ ಫೋನ್ ನಂಬರ್ ಕೊಟ್ರಾ ಅಕ್ಕ?"

"ದೊಡ್ಡಕ್ಷರದಲ್ಲಿ ಬರೆದು ಕೊಟ್ಟಿದೀನಿ."

"ಸರಿ" ಎಂದಳು. ಬಸ್ಸು ತಿರುಗಿತು.